ಫುಟ್‌ಬಾಲ್ ಯುದ್ಧ: ಹೆಸರು ಚೆಂಡಿನದು, ಜಗಳ ನೆಲದ್ದು

ಕ್ರೀಡೆಯಿಂದಾಗಿ ಎರಡು ದೇಶಗಳು ಯುದ್ಧಕ್ಕೇ ಇಳಿದವು ಎಂಬ ಮಾತು ಬಂದಾಗಲೆಲ್ಲ ತಪ್ಪದೆ ಉದಾಹರಿಸಲಾಗುವ ಪ್ರಸಂಗವೊಂದಿದೆ. 1969ರ ಜೂನ್ ತಿಂಗಳಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ತಂಡಗಳು ವಿಶ್ವಕಪ್ ಫುಟ್‌ಬಾಲ್‌ನ ಅರ್ಹತಾ ಸುತ್ತಿನಲ್ಲಿ ಮೂರು ಬಾರಿ ಮುಖಾಮುಖಿಯಾದವು. ಮೂರನೆಯ ಪಂದ್ಯ ಮುಗಿದು ಮೂರು ವಾರ ತುಂಬುವ ಮೊದಲೇ, ಜುಲೈ 14ರ ಸಂಜೆ, ಎಲ್ ಸಾಲ್ವಡಾರ್‌ನ ವಿಮಾನಗಳು ನೆರೆರಾಷ್ಟ್ರದ ಮೇಲೆ ಬಾಂಬ್ ಸುರಿಸಿದವು. ಹಿಂದೆಯೇ ಕಾಲಾಳು ಪಡೆ ಗಡಿ ದಾಟಿತು.

ನಾಲ್ಕು ದಿನಗಳ ಈ ಸಮರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಅಸುನೀಗಿದರೆಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ಸತ್ತವರಲ್ಲಿ ಬಹುಪಾಲು ಜನ ಸೈನಿಕರಲ್ಲ, ಹಳ್ಳಿಗರು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ‘ನೂರು ಗಂಟೆಗಳ ಯುದ್ಧ’ ಎಂಬ ಹೆಸರೂ ಇದೆ. ಆದರೆ ಲೋಕದ ನಾಲಿಗೆಯ ಮೇಲೆ ನಿಂತದ್ದು ‘ಫುಟ್‌ಬಾಲ್ ಯುದ್ಧ’ ಎಂಬ ಹೆಸರೇ. ಈ ಹೆಸರು ತಿಳಿಸುವುದಕ್ಕಿಂತ ಮರೆಮಾಚುವುದೇ ಹೆಚ್ಚು. ಗೋಲು ಕಂಬಗಳ ಹಿಂದೆ ಕಾಫಿ ತೋಟಗಳಿದ್ದವು, ಬಾಳೆಹಣ್ಣಿನ ಕಂಪೆನಿಗಳಿದ್ದವು, ತುಂಡು ನೆಲಕ್ಕಾಗಿ ಗಡಿ ದಾಟಿದ ಮೂರು ಲಕ್ಷ ಬಡವರಿದ್ದರು. ಭೂಮಾಲೀಕನಿಗೂ ಭೂಹೀನನಿಗೂ ನಡುವೆ ಇದ್ದ ಜಗಳವನ್ನು ಎರಡು ರಾಷ್ಟ್ರಗಳ ಜಗಳವನ್ನಾಗಿ ಮಾರ್ಪಡಿಸುವ ಕೆಲಸಕ್ಕೆ ಫುಟ್‌ಬಾಲ್ ಒದಗಿಬಂದಿತು. ಆಟದ ಸಾಮಾಜಿಕ ಶಕ್ತಿ ಎಂಥದು ಎಂಬುದನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಕಾಫಿಯ ನಾಡು, ನೆಲವಿಲ್ಲದ ಜನ

ಎಲ್ ಸಾಲ್ವಡಾರ್ ಅತಿ ಚಿಕ್ಕ ದೇಶ. ಅದರ ವಿಸ್ತೀರ್ಣ ಸುಮಾರು 21 ಸಾವಿರ ಚದರ ಕಿಲೋಮೀಟರ್. ಕರ್ನಾಟಕದ ಒಂಬತ್ತನೆಯ ಒಂದು ಭಾಗ. ಪಕ್ಕದ ಹೊಂಡುರಾಸ್ ಅದಕ್ಕಿಂತ ಐದು ಪಟ್ಟು ದೊಡ್ಡದು. ಜನಸಂಖ್ಯೆಯ ಲೆಕ್ಕ ಮಾತ್ರ ತಿರುವುಮುರುವು. 1969ರ ಸುಮಾರಿಗೆ ಎಲ್ ಸಾಲ್ವಡಾರ್‌ನಲ್ಲಿ 35 ಲಕ್ಷಕ್ಕೂ ಹೆಚ್ಚು ಜನರಿದ್ದರೆ, ಅಷ್ಟು ವಿಶಾಲವಾದ ಹೊಂಡುರಾಸ್‌ನಲ್ಲಿ ಇದ್ದವರು 26 ಲಕ್ಷದ ಆಸುಪಾಸು.

ಇಷ್ಟನ್ನು ಹೇಳಿ, ಜನದಟ್ಟಣೆಯೇ ಎಲ್ಲಕ್ಕೂ ಕಾರಣ ಎಂದು ಕೈತೊಳೆದುಕೊಳ್ಳುವುದು ಸುಲಭ. ಬಹುಕಾಲ ಹಾಗೆಯೇ ಬರೆಯಲಾಗಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಡರ್ಹಾಮ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಾದವನ್ನು ಅಲುಗಾಡಿಸಿದರು. ರೈತನ ಪಾಲಿನ ನೆಲ ಕಿರಿದಾದದ್ದು ಜನ ಹೆಚ್ಚಿದ್ದರಿಂದ ಮಾತ್ರವಲ್ಲ, ಇದ್ದ ನೆಲ ಕೆಲವೇ ಕೈಗಳಲ್ಲಿ ಶೇಖರವಾದದ್ದರಿಂದ ಎಂಬುದನ್ನು ಅವರು ಎರಡೂ ದೇಶಗಳ ಭೂ ದಾಖಲೆಗಳನ್ನು ಆಧರಿಸಿ ತೋರಿಸಿದರು.

ಆ ಶೇಖರಣೆಯ ಮೂಲ ಕಾಫಿ. 1880ರ ದಶಕದ ಆರಂಭದಲ್ಲಿ ಎಲ್ ಸಾಲ್ವಡಾರ್ ಸರ್ಕಾರ ಹಳ್ಳಿಗಳ ಸಾಮುದಾಯಿಕ ಒಡೆತನದ ಜಮೀನುಗಳನ್ನು ಕಾನೂನಿನ ಮೂಲಕವೇ ರದ್ದುಪಡಿಸಿತು. ತಲೆಮಾರುಗಳಿಂದ ಮೂಲನಿವಾಸಿಗಳು ಜೋಳ, ಬೀನ್ಸ್ ಬೆಳೆಯುತ್ತಿದ್ದ ಬೆಟ್ಟದ ಇಳಿಜಾರುಗಳು ಕಾಫಿ ತೋಟಗಳಾದವು. ‘ಹದಿನಾಲ್ಕು ಕುಟುಂಬಗಳು’ ಎಂಬುದು ಆ ದೇಶದಲ್ಲಿ ಇಂದಿಗೂ ಸಿರಿವಂತರ ಕೂಟಕ್ಕೆ ಪರ್ಯಾಯ ಪದ. ಸಂಖ್ಯೆ ಕರಾರುವಾಕ್ಕಾಗಿ ಹದಿನಾಲ್ಕೇ ಆಗಿರಲಿಲ್ಲ, ಅಷ್ಟೇ. ವಿಶ್ವ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ, 1932ರಲ್ಲಿ, ಪಶ್ಚಿಮ ಪ್ರಾಂತ್ಯಗಳ ರೈತರು ದಂಗೆ ಎದ್ದರು. ಜನರಲ್ ಮಾಕ್ಸಿಮಿಲಿಯಾನೊ ಹೆರ್ನಾಂಡೆಸ್ ಮಾರ್ಟಿನೆಸ್‌ನ ಸರ್ಕಾರ ಉತ್ತರವಾಗಿ ಕೊಂದವರ ಸಂಖ್ಯೆ ಕಡಿಮೆಯೆಂದರೂ ಹತ್ತು ಸಾವಿರ ಎನ್ನಲಾಗುತ್ತದೆ. ‘ಲಾ ಮಾತಾನ್ಸಾ’, ಎಂದರೆ ಕಗ್ಗೊಲೆ, ಎಂದೇ ಆ ಘಟನೆ ಹೆಸರಾಗಿದೆ. ಅದಾದ ಮೇಲೆ ಭೂಮಿಯ ಹಂಚಿಕೆಯ ಮಾತನ್ನು ಗಟ್ಟಿಯಾಗಿ ಆಡುವ ಧೈರ್ಯ ಬಹುಕಾಲ ಯಾರಿಗೂ ಬರಲಿಲ್ಲ.

ಉಳಿದ ದಾರಿ ಒಂದೇ. ಗಡಿ ದಾಟುವುದು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೊಂಡುರಾಸ್‌ನ ಉತ್ತರ ಕರಾವಳಿಯಲ್ಲಿ ಅಮೆರಿಕದ ಬಾಳೆಹಣ್ಣಿನ ಕಂಪೆನಿಗಳು ವಿಶಾಲವಾದ ತೋಟಗಳನ್ನು ಎಬ್ಬಿಸುತ್ತಿದ್ದವು. ಯುನೈಟೆಡ್ ಫ್ರೂಟ್ ಅವುಗಳಲ್ಲಿ ಪ್ರಮುಖ. (ರಾಜಕೀಯ ವ್ಯಾಖ್ಯಾನಗಳಲ್ಲಿ ಧಾರಾಳವಾಗಿ ಬಳಕೆಯಾಗುವ ‘ಬನಾನಾ ರಿಪಬ್ಲಿಕ್’ ಎಂಬ ಪದವನ್ನು ಅಮೆರಿಕದ ಕತೆಗಾರ ಓ. ಹೆನ್ರಿ 1904ರಲ್ಲಿ ಟಂಕಿಸಿದ್ದು ಹೊಂಡುರಾಸ್ ಅನ್ನು ಕಂಡೇ.) ತೋಟಗಳಿಗೆ ಕೂಲಿಗಳು ಬೇಕಿದ್ದರು, ಎಲ್ ಸಾಲ್ವಡಾರ್‌ನಲ್ಲಿ ಕೂಲಿಗಳಿದ್ದರು. ಹೀಗೆ ಹೋದವರು ಕ್ರಮೇಣ ಪಾಳುಬಿದ್ದ ಸರ್ಕಾರಿ ನೆಲವನ್ನು ಹಸನು ಮಾಡಿ ಉಳತೊಡಗಿದರು. ಮದುವೆ, ಮಕ್ಕಳು, ಅಂಗಡಿ, ಚಮ್ಮಾರಿಕೆ, ಹೊಲಿಗೆ ಎಲ್ಲವೂ ಅಲ್ಲೇ ನಡೆದವು. 1960ರ ದಶಕದ ಕೊನೆಯ ಹೊತ್ತಿಗೆ ಹೊಂಡುರಾಸ್‌ನಲ್ಲಿದ್ದ ಸಾಲ್ವಡಾರ್ ಮೂಲದವರ ಸಂಖ್ಯೆ ಮೂರು ಲಕ್ಷ ಮುಟ್ಟಿತ್ತು. ಅಲ್ಲಿನ ಪ್ರತಿ ಎಂಟೊಂಬತ್ತು ಮಂದಿಯಲ್ಲಿ ಒಬ್ಬರು ‘ಹೊರಗಿನವರು’ ಎಂದಾಯಿತು. ಬಹುತೇಕರ ಬಳಿ ಕಾಗದಪತ್ರಗಳಿರಲಿಲ್ಲ.

ಹೊಂಡುರಾಸ್‌ನ ಲೆಕ್ಕಾಚಾರ

ಹೊಂಡುರಾಸ್‌ನ ಸ್ವಂತ ರೈತರೂ ಸುಖವಾಗಿರಲಿಲ್ಲ. ಫಲವತ್ತಾದ ಕಣಿವೆಗಳು ಕಂಪೆನಿಗಳ ಹಾಗೂ ದನ ಸಾಕಣೆಯ ದೊಡ್ಡ ಕುಳಗಳ ವಶದಲ್ಲಿದ್ದವು. ಹತ್ತಿ ಮತ್ತು ಮಾಂಸದ ರಫ್ತು ಲಾಭದಾಯಕವಾದಂತೆ ಈ ಕುಳಗಳು ಬೇಲಿಯನ್ನು ಮತ್ತಷ್ಟು ಮುಂದಕ್ಕೆ ಸರಿಸಿದವು. ಒಕ್ಕಲೆಬ್ಬಿಸಲ್ಪಟ್ಟ ರೈತರು ಸಂಘ ಕಟ್ಟಿದರು, ಜಮೀನು ಅತಿಕ್ರಮಿಸಿ ಕುಳಿತರು.

1962ರಲ್ಲಿ ಅಧ್ಯಕ್ಷ ರಾಮೋನ್ ವಿಯೆಡಾ ಮೊರಾಲೆಸ್ ಅವರ ಸರ್ಕಾರ ಭೂಸುಧಾರಣಾ ಕಾಯಿದೆಯೊಂದನ್ನು ತಂದಿತು. ಮರುವರ್ಷವೇ ಅವರನ್ನು ಸೇನಾ ಕ್ರಾಂತಿಯಲ್ಲಿ ಪದಚ್ಯುತಗೊಳಿಸಲಾಯಿತು. ಅಧಿಕಾರ ಹಿಡಿದ ಓಸ್ವಾಲ್ಡೊ ಲೋಪೆಸ್ ಅರೆಯಾನೊ ಕೆಲವು ವರ್ಷ ಕಾಯಿದೆಯನ್ನು ಮೂಲೆಗೆ ತಳ್ಳಿ, ರೈತರ ಒತ್ತಡ ಹೆಚ್ಚಿದಾಗ 1967ರ ನಂತರ ಅದನ್ನೇ ಕೈಗೆತ್ತಿಕೊಂಡರು. ಕಾಯಿದೆಯಲ್ಲಿ ಒಂದು ಷರತ್ತು ಅಡಗಿತ್ತು. ಸುಧಾರಣೆಯ ಅಡಿ ಭೂಮಿ ಪಡೆಯಲು ಹುಟ್ಟಿನಿಂದ ಹೊಂಡುರಾಸ್ ಪ್ರಜೆಯಾಗಿರಬೇಕು!

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ಕೇಳಿ ಬಲ್ಲ ಕನ್ನಡಿಗರಿಗೆ ಈ ಷರತ್ತಿನ ವ್ಯಂಗ್ಯ ತಟ್ಟನೆ ಅರ್ಥವಾದೀತು. ಇಲ್ಲಿ ಉತ್ತವನ ಹುಟ್ಟೂರು ಯಾವುದೆಂದು ಕೇಳಿ, ಒಬ್ಬ ಉಳುವವನಿಂದ ಕಿತ್ತು ಮತ್ತೊಬ್ಬ ಉಳುವವನಿಗೆ ಕೊಡುವ ಏರ್ಪಾಟು ನಡೆದಿತ್ತು. ದೊಡ್ಡ ಜಮೀನ್ದಾರರ ಒಂದು ಎಕರೆಯನ್ನೂ ಮುಟ್ಟದೆ ಸುಧಾರಣೆಯ ಕೀರ್ತಿ ಪಡೆಯುವ ಸುಲಭೋಪಾಯ. 1966ರಲ್ಲಿ ಸ್ಥಾಪನೆಯಾಗಿದ್ದ ಭೂಮಾಲೀಕರ ಒಕ್ಕೂಟವಂತೂ ದೇಶದ ಸಕಲ ಸಂಕಷ್ಟಗಳಿಗೂ ಸಾಲ್ವಡಾರ್‌ನ ವಲಸಿಗರೇ ಹೊಣೆಯೆಂದು ಬಹಿರಂಗವಾಗಿ ಪ್ರಚಾರ ಮಾಡಿತು.

ಇದಕ್ಕೆ ವ್ಯಾಪಾರದ ಅಸಮಾಧಾನವೂ ಸೇರಿಕೊಂಡಿತು. 1960ರಲ್ಲಿ ರಚನೆಯಾದ ಮಧ್ಯ ಅಮೆರಿಕ ಸಾಮಾನ್ಯ ಮಾರುಕಟ್ಟೆಯಿಂದ ಲಾಭವಾದದ್ದು ಕೈಗಾರಿಕೆಗಳಿದ್ದ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾಗಳಿಗೆ. ಸಾಲ್ವಡಾರ್‌ನ ಬಟ್ಟೆ, ಪಾದರಕ್ಷೆಗಳು ಹೊಂಡುರಾಸ್‌ನ ಅಂಗಡಿಗಳನ್ನು ತುಂಬಿದವು. ಅಲ್ಲಿಂದ ಹೊರಟದ್ದು ಅಲ್ಪ. ಎರಡು ದೇಶಗಳ ನಡುವಣ ವಲಸೆ ಒಪ್ಪಂದದ ಅವಧಿ 1969ರ ಜನವರಿಯಲ್ಲಿ ಮುಗಿದಾಗ ಹೊಂಡುರಾಸ್ ಅದನ್ನು ನವೀಕರಿಸಲಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿನ ಭೂಸುಧಾರಣಾ ಸಂಸ್ಥೆ, ಹುಟ್ಟಿನಿಂದ ಹೊಂಡುರಾಸ್‌ನವರಲ್ಲದ ರೈತರನ್ನು ತೆರವುಗೊಳಿಸುವುದಾಗಿ ಪ್ರಕಟಿಸಿತು. ಮೇ ಅಂತ್ಯದ ವೇಳೆಗೆ ಮೂಟೆ, ಮಕ್ಕಳನ್ನು ಹೊತ್ತ ಕುಟುಂಬಗಳು ಪಶ್ಚಿಮದತ್ತ ನಡೆಯತೊಡಗಿದ್ದವು.

ಅರ್ಹತಾ ಸುತ್ತಿನ ಮೊದಲ ಪಂದ್ಯ ಇನ್ನೂ ನಡೆದಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮೂರು ಪಂದ್ಯಗಳು

1970ರ ವಿಶ್ವಕಪ್‌ನ ಆತಿಥೇಯ ರಾಷ್ಟ್ರ ಮೆಕ್ಸಿಕೊ. ಉತ್ತರ ಹಾಗೂ ಮಧ್ಯ ಅಮೆರಿಕ ವಲಯದ ಬಲಾಢ್ಯ ತಂಡ ಅದೇ ಆಗಿದ್ದು, ಆತಿಥೇಯ ಎಂಬ ಕಾರಣದಿಂದ ನೇರ ಪ್ರವೇಶ ಪಡೆದಿದ್ದರಿಂದ, ಸಣ್ಣ ದೇಶಗಳಿಗೆ ಎಂದೂ ಇಲ್ಲದ ಬಾಗಿಲೊಂದು ತೆರೆದಿತ್ತು. ಹೊಂಡುರಾಸ್ ಆಗಲಿ, ಎಲ್ ಸಾಲ್ವಡಾರ್ ಆಗಲಿ ಅದುವರೆಗೆ ವಿಶ್ವಕಪ್‌ನ ಮುಖ ಕಂಡಿರಲಿಲ್ಲ.

ಮೊದಲ ಪಂದ್ಯ ಜೂನ್ 8ರಂದು ಹೊಂಡುರಾಸ್‌ನ ರಾಜಧಾನಿ ತೆಗುಸಿಗಾಲ್ಪಾದಲ್ಲಿ. ಹಿಂದಿನ ರಾತ್ರಿ ಅತಿಥಿ ತಂಡ ತಂಗಿದ್ದ ಹೋಟೆಲ್ ಸುತ್ತ ಜಮಾಯಿಸಿದ ಜನ ಕೇಕೆ, ಪಟಾಕಿ, ಕಾರುಗಳ ಹಾರ್ನ್‌ಗಳಿಂದ ಆಟಗಾರರಿಗೆ ನಿದ್ದೆ ಇಲ್ಲದಂತೆ ಮಾಡಿದರು. ಲ್ಯಾಟಿನ್ ಅಮೆರಿಕದಲ್ಲಿ ಇದೇನೂ ಅಪರೂಪದ ಉಪಚಾರವಲ್ಲ. ಮರುದಿನ ಪಂದ್ಯ ಮುಗಿಯುವ ಹೊತ್ತಿಗೆ ಬಂದ ಏಕೈಕ ಗೋಲಿನಿಂದ ಹೊಂಡುರಾಸ್ 1-0 ಅಂತರದಲ್ಲಿ ಗೆದ್ದಿತು.

ಒಂದು ವಾರದ ಬಳಿಕ, ಜೂನ್ 15ರಂದು, ಸಾನ್ ಸಾಲ್ವಡಾರ್‌ನಲ್ಲಿ ಮರುಪಂದ್ಯ. ಈ ಬಾರಿ ಹೋಟೆಲಿನ ಕಿಟಕಿಗಳು ಒಡೆದವು, ಒಳಗೆ ಕೊಳೆತ ಮೊಟ್ಟೆಗಳು ತೂರಿಬಂದವು. ಹೊಂಡುರಾಸ್ ಆಟಗಾರರನ್ನು ಸೇನೆಯ ಕಾವಲಿನಲ್ಲಿ ಕ್ರೀಡಾಂಗಣಕ್ಕೆ ಕರೆದೊಯ್ಯಬೇಕಾಯಿತು. ಅವರ ರಾಷ್ಟ್ರಧ್ವಜಕ್ಕೆ ಅವಮಾನವಾಯಿತು. ಮನೆಗೆ ಜೀವಸಹಿತ ಮರಳುವ ಚಿಂತೆಯಲ್ಲಿದ್ದ ತಂಡ 3-0ರಿಂದ ಸೋತದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಪಂದ್ಯ ನೋಡಲು ಬಂದಿದ್ದ ಹೊಂಡುರಾಸ್‌ನ ಅಭಿಮಾನಿಗಳು ಬೀದಿಗಳಲ್ಲಿ ಏಟು ತಿಂದರು. ಅವರ ವಾಹನಗಳು ಬೆಂಕಿಗಾಹುತಿಯಾದವು.

ಸುದ್ದಿ ಗಡಿಯಾಚೆ ತಲುಪಿದ ಮೇಲೆ ನಡೆದದ್ದೇ ಈ ಅಧ್ಯಾಯದ ಅತ್ಯಂತ ಕರಾಳ ಭಾಗ. ಹೊಂಡುರಾಸ್‌ನ ಪತ್ರಿಕೆಗಳು, ರೇಡಿಯೊ ಕೇಂದ್ರಗಳು ಸೇಡಿನ ಕರೆ ನೀಡಿದವು. ‘ಮಾಂಚಾ ಬ್ರಾವಾ’ ಎಂಬ ಗೂಂಡಾ ಪಡೆ ಸಾಲ್ವಡಾರ್ ಮೂಲದವರ ಮನೆ, ಅಂಗಡಿಗಳಿಗೆ ನುಗ್ಗಿತು. ಲೂಟಿ, ಹಲ್ಲೆ, ಕೊಲೆಗಳು ನಡೆದವು. ಅದುವರೆಗೆ ನೋಟಿಸು ಕೊಟ್ಟು ನಡೆಯುತ್ತಿದ್ದ ತೆರವು ಈಗ ದೊಣ್ಣೆಯಿಂದ ನಡೆಯಿತು. ಎಲ್ಲೋ ದೂರದ ಕ್ರೀಡಾಂಗಣದಲ್ಲಿ ಬಿದ್ದ ಮೂರು ಗೋಲುಗಳಿಗೆ ದಂಡ ತೆತ್ತವರು, ಇಪ್ಪತ್ತು ಮೂವತ್ತು ವರ್ಷಗಳಿಂದ ಅದೇ ಮಣ್ಣಿನಲ್ಲಿ ಬೆವರು ಹರಿಸುತ್ತಿದ್ದ ರೈತರು. ಅವರಲ್ಲಿ ಎಷ್ಟು ಮಂದಿಗೆ ಫುಟ್‌ಬಾಲ್‌ನ ಗೊಡವೆ ಇತ್ತೋ ದೇವರೇ ಬಲ್ಲ.

ನೆರೆಮನೆಯವರನ್ನು ಶತ್ರುಗಳೆಂದು ಬೇರ್ಪಡಿಸುವುದಕ್ಕೆ ಒಂದು ಗೆರೆ ಬೇಕು. ಒಂದೇ ಸ್ಪಾನಿಷ್ ಭಾಷೆ, ಒಂದೇ ಕ್ಯಾಥೊಲಿಕ್ ಧರ್ಮ, ಒಂದೇ ಬಗೆಯ ಮುಖಚಹರೆ ಇದ್ದ ಜನರ ನಡುವೆ ಆ ಗೆರೆ ಎಳೆಯುವುದು ಸುಲಭವಾಗಿರಲಿಲ್ಲ. ಭೂಸುಧಾರಣಾ ಕಾಯಿದೆಯ ಷರತ್ತು ಕಾಗದದ ಮೇಲೆ ಗೆರೆ ಎಳೆದಿತ್ತು. ಯಾವ ತಂಡಕ್ಕೆ ಜೈಕಾರ ಹಾಕುತ್ತೀ ಎಂಬ ಪ್ರಶ್ನೆ ಅದನ್ನು ಬೀದಿಗೆ ತಂದಿತು.

ಎರಡೂ ತಂಡಗಳು ಒಂದೊಂದು ಪಂದ್ಯ ಗೆದ್ದಿದ್ದವು. ಒಟ್ಟು ಗೋಲುಗಳ ಲೆಕ್ಕ ಆಗಿನ ನಿಯಮದಲ್ಲಿ ಪರಿಗಣನೆಗೆ ಬರುತ್ತಿರಲಿಲ್ಲವಾದ್ದರಿಂದ ತಟಸ್ಥ ನೆಲದಲ್ಲಿ ಮೂರನೆಯ ಪಂದ್ಯ ಅನಿವಾರ್ಯವಾಯಿತು. ಜೂನ್ ಕೊನೆಯ ವಾರ ಮೆಕ್ಸಿಕೊ ಸಿಟಿಯ ಅಜ್ಟೆಕಾ ಕ್ರೀಡಾಂಗಣದಲ್ಲಿ ಭಾರಿ ಪೊಲೀಸ್ ಬಂದೋಬಸ್ತಿನಲ್ಲಿ ಅದು ಜರುಗಿತು. ನಿಗದಿತ ಅವಧಿ ಮುಗಿದಾಗ 2-2. ಹೆಚ್ಚುವರಿ ಅವಧಿಯ 11ನೇ ನಿಮಿಷದಲ್ಲಿ ‘ಪಿಪೊ’ ಎಂದೇ ಹೆಸರಾದ ಮೌರಿಸಿಯೊ ರೋಡ್ರಿಗೆಸ್ ಬಾರಿಸಿದ ಗೋಲು ಎಲ್ ಸಾಲ್ವಡಾರ್‌ಗೆ ಜಯ ತಂದಿತು. ಅದೇ ವಾರದಲ್ಲಿ, ತನ್ನ ಪ್ರಜೆಗಳ ಮೇಲಿನ ದೌರ್ಜನ್ಯವನ್ನು ತಡೆಯಲಿಲ್ಲವೆಂದು ದೂಷಿಸಿ, ಎಲ್ ಸಾಲ್ವಡಾರ್ ಹೊಂಡುರಾಸ್ ಜೊತೆಗಿನ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿತು.

ಚಂದ್ರಯಾನದ ವಾರ

ಎಲ್ ಸಾಲ್ವಡಾರ್‌ನ ಅಧ್ಯಕ್ಷ ಜನರಲ್ ಫಿಡೆಲ್ ಸಾಂಚೆಸ್ ಹೆರ್ನಾಂಡೆಸ್ ಮುಂದೆ ಇದ್ದ ಸಂಕಟ ಗಡಿಯ ಗೌರವದ್ದಷ್ಟೇ ಆಗಿರಲಿಲ್ಲ. ದಿನವೂ ಹಿಂದಿರುಗುತ್ತಿದ್ದ ಸಾವಿರಾರು ನಿರಾಶ್ರಿತರಿಗೆ ನೆಲ ಎಲ್ಲಿಂದ ತರುವುದು? ಅವರು ಮರಳಿದರೆ ಕಾಫಿ ತೋಟಗಳ ಬೇಲಿಯ ಬಳಿ ನಿಲ್ಲುತ್ತಾರೆ ಎಂಬುದು ಭೂಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು. 1932 ಯಾರಿಗೂ ಮರೆತಿರಲಿಲ್ಲ. ಯುದ್ಧ ಅಲ್ಲಿನ ಆಳುವ ವರ್ಗಕ್ಕೆ ಅಗ್ಗದ ಮಾರ್ಗವಾಗಿ ಕಂಡಿತು. ಅತ್ತ ಮುಷ್ಕರಗಳಿಂದ ಕಂಗೆಟ್ಟಿದ್ದ ಲೋಪೆಸ್ ಅರೆಯಾನೊಗೂ ದೇಶವನ್ನು ತನ್ನ ಬೆನ್ನ ಹಿಂದೆ ಒಟ್ಟುಗೂಡಿಸಲು ಒಂದು ನೆಪ ಬೇಕಿತ್ತು.

ಜುಲೈ 14ರಂದು ತೆಗುಸಿಗಾಲ್ಪಾದ ತೊನ್‌ಕೊಂತಿನ್ ವಿಮಾನ ನಿಲ್ದಾಣವೂ ಸೇರಿದಂತೆ ಹಲವೆಡೆ ದಾಳಿ ನಡೆಯಿತು. ಎರಡೂ ಕಡೆಯ ವಾಯುಪಡೆಗಳ ಬಳಿ ಇದ್ದವು ಎರಡನೆಯ ಮಹಾಯುದ್ಧದ ಕಾಲದ ಹಳೆಯ ಅಮೆರಿಕನ್ ವಿಮಾನಗಳು. ಸಾಲ್ವಡಾರ್‌ನವರು ಸರಕು ವಿಮಾನಗಳನ್ನೂ ಬಾಂಬರ್‌ಗಳಂತೆ ಬಳಸಿದರು. ಜುಲೈ 17ರಂದು ಹೊಂಡುರಾಸ್‌ನ ಕ್ಯಾಪ್ಟನ್ ಫೆರ್ನಾಂಡೊ ಸೋಟೊ ಒಂದೇ ದಿನ ಮೂರು ಶತ್ರು ವಿಮಾನಗಳನ್ನು ಉರುಳಿಸಿ ರಾಷ್ಟ್ರವೀರ ಎನಿಸಿಕೊಂಡರು. ಫ್ಯಾನಿನ ರೆಕ್ಕೆ ತಿರುಗಿಸಿಕೊಂಡು ಹಾರುವ ಹಳೆಗಾಲದ ಯುದ್ಧ ವಿಮಾನಗಳು ಪರಸ್ಪರ ಸೆಣಸಿದ ಕೊನೆಯ ಸಂದರ್ಭ ಇದೇ ಎಂದು ವಾಯುಯಾನದ ಇತಿಹಾಸಕಾರರು ದಾಖಲಿಸುತ್ತಾರೆ. ಹೊಂಡುರಾಸ್ ಪ್ರತಿದಾಳಿಯಾಗಿ ಎಲ್ ಸಾಲ್ವಡಾರ್ ಕರಾವಳಿಯ ತೈಲ ಸಂಗ್ರಹಾಗಾರಗಳಿಗೆ ಬೆಂಕಿ ಇಟ್ಟಿತು. ನೆಲದ ಮೇಲೆ ಸಾಲ್ವಡಾರ್ ಸೇನೆ ನ್ಯುಯೆವಾ ಒಕೊತೆಪೆಕೆ ಪಟ್ಟಣವನ್ನು ಹಿಡಿಯಿತಾದರೂ ಇಂಧನ, ಮದ್ದುಗುಂಡುಗಳ ಕೊರತೆಯಿಂದ ಮುಂದುವರಿಯಲಾಗಲಿಲ್ಲ.

ಅಮೆರಿಕನ್ ರಾಷ್ಟ್ರಗಳ ಸಂಘಟನೆಯ ಮಧ್ಯಸ್ಥಿಕೆಯಿಂದ ಜುಲೈ 18ರ ರಾತ್ರಿ ಕದನ ವಿರಾಮಕ್ಕೆ ಒಪ್ಪಿಗೆ ದೊರೆತು, 20ರಂದು ಅದು ಪೂರ್ಣವಾಗಿ ಜಾರಿಗೆ ಬಂದಿತು. ಆರ್ಥಿಕ ದಿಗ್ಬಂಧನದ ಬೆದರಿಕೆ ಎದುರಾದ ಬಳಿಕ ಆಗಸ್ಟ್ ಆರಂಭದಲ್ಲಿ ಎಲ್ ಸಾಲ್ವಡಾರ್ ಪಡೆಗಳನ್ನು ಹಿಂತೆಗೆದುಕೊಂಡಿತು. ಜುಲೈ 20 ಎಂದರೆ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿದ ದಿನ. ಲೋಕದ ಕಣ್ಣುಗಳೆಲ್ಲ ಆಕಾಶದತ್ತ ನೆಟ್ಟಿದ್ದಾಗ ಗಡಿಯ ಹಳ್ಳಿಗಳಲ್ಲಿ ಹೆಣಗಳನ್ನು ಹೂಳಲಾಗುತ್ತಿತ್ತು.

ಹೆಸರು ಯಾರಿಗೆ ಅನುಕೂಲ?

‘ಫುಟ್‌ಬಾಲ್ ಯುದ್ಧ’ ಎಂಬ ಹೆಸರನ್ನು ಜಗತ್ತಿನ ಓದುಗರಲ್ಲಿ ಗಟ್ಟಿಯಾಗಿ ಬೇರೂರಿಸಿದವರು ಪೋಲೆಂಡ್‌ನ ಪತ್ರಕರ್ತ ರಿಷಾರ್ಡ್ ಕಪುಶ್ಚಿನ್‌ಸ್ಕಿ. ಯುದ್ಧ ಆರಂಭವಾದಾಗ ಹೊಂಡುರಾಸ್‌ನಲ್ಲೇ ಇದ್ದ ಅವರ ಬರಹಗಳು 1978ರಲ್ಲಿ ಅದೇ ಶೀರ್ಷಿಕೆಯ ಪುಸ್ತಕವಾಗಿ ಬಂದವು. ಮೊದಲ ಪಂದ್ಯದ ಸೋಲನ್ನು ಸಹಿಸದೆ ಗುಂಡಿಕ್ಕಿಕೊಂಡ ಸಾಲ್ವಡಾರ್ ಯುವತಿಯ ಪ್ರಸಂಗ ಆ ಪುಸ್ತಕದಿಂದಲೇ ಪ್ರಸಿದ್ಧವಾಯಿತು. ಅದರ ಸತ್ಯಾಸತ್ಯತೆಯ ಬಗ್ಗೆ ನಂತರ ಗಂಭೀರ ಪ್ರಶ್ನೆಗಳೆದ್ದಿವೆ. ಭೂಮಿಯ ಸಮಸ್ಯೆಯನ್ನು ಕಪುಶ್ಚಿನ್‌ಸ್ಕಿ ಮರೆತಿರಲಿಲ್ಲ, ಅದನ್ನೂ ವಿವರಿಸಿದ್ದರು. ಆದರೆ ಓದುಗರು ನೆನಪಿಟ್ಟುಕೊಂಡದ್ದು ಶೀರ್ಷಿಕೆಯನ್ನು.

ಅಮೆರಿಕದ ಇತಿಹಾಸಕಾರ ಥಾಮಸ್ ಆಂಡರ್‌ಸನ್ 1981ರಲ್ಲಿ ಇದೇ ಯುದ್ಧದ ಕುರಿತು ಬರೆದ ಪುಸ್ತಕಕ್ಕೆ ‘ನಿರ್ಗತಿಕರ ಯುದ್ಧ’ ಎಂಬರ್ಥದ ಹೆಸರಿಟ್ಟರು. ಎರಡು ಹೆಸರುಗಳಲ್ಲಿ ಯಾವುದು ಹೆಚ್ಚು ನಿಜ ಎಂಬುದರಲ್ಲಿ ಅನುಮಾನವಿಲ್ಲ. ಯಾವುದು ಹೆಚ್ಚು ಜನಪ್ರಿಯ ಎಂಬುದರಲ್ಲೂ ಇಲ್ಲ. ಚೆಂಡಿಗಾಗಿ ಕಾದಾಡುವ ಬಿಸಿರಕ್ತದ ಜನ ಎಂಬ ಚಿತ್ರ ದೂರದ ಓದುಗರಿಗೆ ರಂಜನೆ ನೀಡುತ್ತದೆ. ಅದೇ ಚಿತ್ರ ಕಾಫಿ ಕುಟುಂಬಗಳಿಗೂ ದನದ ಕುಳಗಳಿಗೂ ಬಾಳೆ ಕಂಪೆನಿಗಳಿಗೂ ರಕ್ಷೆಯಾಗಿ ಪರಿಣಮಿಸಿತು.

ಚೆಂಡಿನ ಶಕ್ತಿ ಎಷ್ಟು?

ಹಾಗೆಂದು ಫುಟ್‌ಬಾಲ್ ಕೇವಲ ನೆಪವಾಗಿತ್ತು ಎಂದು ತಳ್ಳಿಹಾಕುವುದೂ ಸರಿಯಲ್ಲ. ಹಗೆತನ ಸಿದ್ಧವಾಗಿರುವ ಕಡೆ ಕ್ರೀಡಾಂಗಣ ಅದಕ್ಕೆ ಸಂಘಟನೆಯನ್ನು ಒದಗಿಸಬಲ್ಲದು. ಯುಗೊಸ್ಲಾವಿಯಾದ ವಿಘಟನೆ ಇದಕ್ಕೆ ಸಾಕ್ಷಿ. 1990ರ ಮೇ 13ರಂದು, ಕ್ರೊಯೇಷಿಯಾದಲ್ಲಿ ರಾಷ್ಟ್ರೀಯವಾದಿ ಪಕ್ಷ ಚುನಾವಣೆ ಗೆದ್ದ ಕೆಲವೇ ದಿನಗಳಲ್ಲಿ, ಜಾಗ್ರೆಬ್‌ನಲ್ಲಿ ಡೈನಮೊ ಜಾಗ್ರೆಬ್ ಹಾಗೂ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ನಡುವಣ ಪಂದ್ಯ ದೊಂಬಿಯಲ್ಲಿ ಕೊನೆಗೊಂಡಿತು. ಡೈನಮೊ ನಾಯಕ ಜ್ವೋನಿಮಿರ್ ಬೊಬಾನ್ ಪೊಲೀಸನೊಬ್ಬನಿಗೆ ಒದ್ದ ದೃಶ್ಯ ಕ್ರೊಯೇಷಿಯಾದ ಪಾಲಿಗೆ ಸ್ವಾತಂತ್ರ್ಯ ಹೋರಾಟದ ಮೊದಲ ಪೆಟ್ಟು ಎನಿಸಿತು. ಒದೆ ತಿಂದಾತ ಸರ್ಬಿಯಾದವನಾಗಿರದೆ ಬೋಸ್ನಿಯಾದ ಮುಸ್ಲಿಮನಾಗಿದ್ದ ಎಂಬುದು ಆಮೇಲೆ ಗೊತ್ತಾದ ಸಂಗತಿ. ರೆಡ್ ಸ್ಟಾರ್ ಅಭಿಮಾನಿಗಳ ಮುಖಂಡ ‘ಆರ್ಕಾನ್’ ಅಲಿಯಾಸ್ ಜೆಲ್ಕೊ ರಾಜ್ನಾಟೊವಿಚ್ ಅದೇ ವರ್ಷ ಆ ಗುಂಪಿನಿಂದಲೇ ಹುಡುಗರನ್ನು ಆಯ್ದು ಅರೆಸೇನಾ ಪಡೆ ಕಟ್ಟಿದ. ಮುಂದಿನ ಯುದ್ಧಗಳಲ್ಲಿ ಆ ಪಡೆ ನಡೆಸಿದ ಹತ್ಯೆಗಳು ಕುಖ್ಯಾತವಾದವು.

ಯುದ್ಧ ಹಚ್ಚಿದ ಅಪಕೀರ್ತಿಯಂತೆ ಯುದ್ಧ ನಿಲ್ಲಿಸಿದ ಕೀರ್ತಿಯೂ ಫುಟ್‌ಬಾಲ್‌ಗೆ ಸಂದಿದೆ. 2005ರ ಅಕ್ಟೋಬರ್‌ನಲ್ಲಿ ಐವರಿ ಕೋಸ್ಟ್ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಗಳಿಸಿದಾಗ, ಡಿಡಿಯರ್ ದ್ರೋಗ್ಬಾ ಡ್ರೆಸ್ಸಿಂಗ್ ಕೊಠಡಿಯಲ್ಲೇ ಸಹ ಆಟಗಾರರೊಡನೆ ಮಂಡಿಯೂರಿ, ಶಸ್ತ್ರ ಕೆಳಗಿಡಿರೆಂದು ಟಿವಿ ಕ್ಯಾಮೆರಾದ ಮುಂದೆ ದೇಶವನ್ನು ಬೇಡಿಕೊಂಡರು. 2007ರ ಜೂನ್‌ನಲ್ಲಿ ಬಂಡುಕೋರರ ಕೇಂದ್ರವಾಗಿದ್ದ ಬುವಾಕೆಯಲ್ಲಿ ರಾಷ್ಟ್ರೀಯ ತಂಡ ಮಡಗಾಸ್ಕರ್ ವಿರುದ್ಧ ಆಡಿ 5-0ರಿಂದ ಗೆದ್ದದ್ದು ನಿಜಕ್ಕೂ ಭಾವುಕ ಗಳಿಗೆ. ಆದರೆ ಸಂಧಾನಕಾರರ ಶಾಂತಿ ಒಪ್ಪಂದಕ್ಕೆ ಅದೇ ಮಾರ್ಚ್‌ನಲ್ಲಿ ಸಹಿ ಬಿದ್ದಾಗಿತ್ತು. ಅಲ್ಲದೆ, 2010ರ ಚುನಾವಣೆಯ ಫಲಿತಾಂಶ ವಿವಾದಕ್ಕೀಡಾದಾಗ ಮತ್ತೆ ಹಿಂಸೆ ಭುಗಿಲೆದ್ದು ಸುಮಾರು ಮೂರು ಸಾವಿರ ಜನ ಬಲಿಯಾದರು. ಅಲ್ಲಿಯೂ ಯಾರು ನಿಜವಾದ ಪ್ರಜೆ, ನೆಲ ಯಾರದು ಎಂಬ ಹಳೆಯ ಪ್ರಶ್ನೆಗಳು ಹಾಗೆಯೇ ಉಳಿದಿದ್ದವು. ಅಂದಹಾಗೆ, ಉತ್ತರದಿಂದ ವಲಸೆ ಬಂದು ಕೋಕೋ ತೋಟಗಳಲ್ಲಿ ನೆಲೆಸಿದವರ ಸುತ್ತ ಆ ಪ್ರಶ್ನೆ ಹೆಣೆದುಕೊಂಡಿತ್ತು ಎಂಬುದು ಹೊಂಡುರಾಸ್ ಕಥೆ ಬಲ್ಲವರಿಗೆ ಅಚ್ಚರಿ ತರಲಾರದು.

ಯುದ್ಧದ ನಂತರ

1969ರ ಯುದ್ಧದಲ್ಲಿ ಗೆದ್ದವರು ಯಾರೂ ಇರಲಿಲ್ಲ. ಸಾಮಾನ್ಯ ಮಾರುಕಟ್ಟೆ ಮುರಿದುಬಿತ್ತು. ಗಡಿ ದಶಕದ ಕಾಲ ವ್ಯಾಪಾರಕ್ಕೆ ಮುಚ್ಚಿತು. ಕಡಿಮೆಯೆಂದರೂ 60 ಸಾವಿರ, ಬೇರೆ ಅಂದಾಜುಗಳ ಪ್ರಕಾರ ಒಂದು ಲಕ್ಷಕ್ಕೂ ಮೀರಿದ ಜನ, ಎಲ್ ಸಾಲ್ವಡಾರ್‌ಗೆ ಬರಿಗೈಯಲ್ಲಿ ಮರಳಿದರು. ಹೊಂಡುರಾಸ್‌ನಲ್ಲಿ ‘ಹೊರಗಿನವರು’ ಹೋದ ಮೇಲೂ ಸ್ಥಳೀಯ ಭೂಹೀನರ ಸಮಸ್ಯೆ ಬಗೆಹರಿಯಲಿಲ್ಲ. 1972ರಲ್ಲಿ ಮತ್ತೆ ಅಧಿಕಾರ ಹಿಡಿದ ಲೋಪೆಸ್ ಅರೆಯಾನೊ ಈ ಬಾರಿ ದೊಡ್ಡ ಜಮೀನುಗಳತ್ತಲೇ ಕೈಚಾಚುವ ಭೂಸುಧಾರಣೆಗೆ ಮುಂದಾಗಬೇಕಾಯಿತು. ಬಾಳೆಹಣ್ಣಿನ ರಫ್ತು ತೆರಿಗೆ ಇಳಿಸಲು ಯುನೈಟೆಡ್ ಬ್ರಾಂಡ್ಸ್ ಕಂಪೆನಿ (ಹಳೆಯ ಯುನೈಟೆಡ್ ಫ್ರೂಟ್‌ನ ಹೊಸ ಹೆಸರು) 12.5 ಲಕ್ಷ ಡಾಲರ್ ಲಂಚ ನೀಡಿದ್ದು ಬಯಲಾದಾಗ, 1975ರಲ್ಲಿ ಅವರು ಕುರ್ಚಿ ಕಳೆದುಕೊಂಡರು.

ಎಲ್ ಸಾಲ್ವಡಾರ್‌ನಲ್ಲಿ ಪರಿಣಾಮ ಇನ್ನೂ ಘೋರ. ಬಡತನಕ್ಕೆ ಹೊರದಾರಿಯಾಗಿದ್ದ ಗಡಿ ಮುಚ್ಚಿತ್ತು. 1976ರಲ್ಲಿ ಸರ್ಕಾರ ಯೋಜಿಸಿದ ಅಲ್ಪ ಪ್ರಮಾಣದ ಭೂ ಹಂಚಿಕೆಯನ್ನೂ ಜಮೀನ್ದಾರರು ಹೊಸಕಿಹಾಕಿದರು. 1980ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ 75 ಸಾವಿರ ಮಂದಿ ಮಡಿದರು. ಅದರ ಮೂಲ ಕಾರಣಗಳ ಪಟ್ಟಿಯಲ್ಲಿ ಭೂಮಿಗೇ ಮೊದಲ ಸ್ಥಾನ.

ಎರಡು ದೇಶಗಳು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದು 1980ರ ಅಕ್ಟೋಬರ್ 30ರಂದು, ಪೆರು ದೇಶದ ಲಿಮಾದಲ್ಲಿ. ಗಡಿ ತಕರಾರು ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿ, 1992ರ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಪಿನಲ್ಲಿ ವಿವಾದಿತ ಪ್ರದೇಶದ ಹೆಚ್ಚಿನ ಪಾಲು ಹೊಂಡುರಾಸ್‌ಗೆ ದಕ್ಕಿತು. ಅಲ್ಲಿ ವಾಸವಿದ್ದ ಸಾಲ್ವಡಾರ್ ಮೂಲದ ರೈತರು ರಾತ್ರೋರಾತ್ರಿ ಪರದೇಶದ ನೆಲದಲ್ಲಿರುವಂತಾಯಿತು. ಅವರ ಪೌರತ್ವ ಮತ್ತು ಭೂಮಿಯ ಹಕ್ಕುಗಳ ಬಗ್ಗೆ ಎರಡೂ ಸರ್ಕಾರಗಳು ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ 1998 ಆಗಿತ್ತು.

ಇನ್ನು ಆಟದ ಮಾತು. ಹೈಟಿಯನ್ನೂ ಸೋಲಿಸಿ 1970ರ ವಿಶ್ವಕಪ್ ತಲುಪಿದ ಎಲ್ ಸಾಲ್ವಡಾರ್ ಅಲ್ಲಿ ಮೂರೂ ಪಂದ್ಯಗಳಲ್ಲಿ ಸೋತು, ಒಂದೇ ಒಂದು ಗೋಲು ಗಳಿಸದೆ ಮನೆಗೆ ಮರಳಿತು. ಮುಂದಿನ ಅವಕಾಶ ಒದಗಿದ್ದು 1982ರ ವಿಶ್ವಕಪ್‌ಗೆ. ಅರ್ಹತಾ ಸುತ್ತಿನ ಅಂತಿಮ ಘಟ್ಟದ ಎಲ್ಲ ಪಂದ್ಯಗಳು ನಡೆದದ್ದು ಅದೇ ತೆಗುಸಿಗಾಲ್ಪಾದಲ್ಲಿ, 1981ರ ನವೆಂಬರ್‌ನಲ್ಲಿ. ಆತಿಥೇಯ ಹೊಂಡುರಾಸ್ ಅದಾಗಲೇ ತನ್ನ ಸ್ಥಾನ ಖಚಿತಪಡಿಸಿಕೊಂಡಿತ್ತು. ಕೊನೆಯ ಪಂದ್ಯದಲ್ಲಿ ಹೊಂಡುರಾಸ್ ವಿರುದ್ಧ ಗೆದ್ದರೆ ಮೆಕ್ಸಿಕೊ ಒಳಗೆ, ಗೆಲ್ಲದಿದ್ದರೆ ಎಲ್ ಸಾಲ್ವಡಾರ್ ಒಳಗೆ ಎಂಬ ಸ್ಥಿತಿ. ಸೋತರೂ ಕಳೆದುಕೊಳ್ಳುವುದೇನೂ ಇಲ್ಲದ ಹೊಂಡುರಾಸ್ ಮೆಕ್ಸಿಕೊವನ್ನು 0-0ಯಲ್ಲಿ ಹಿಡಿದು ನಿಲ್ಲಿಸಿತು. ಹಳೆಯ ಶತ್ರುವಿನ ನೆಲದಲ್ಲಿ, ಹಳೆಯ ಶತ್ರುವಿನ ಕಾಲಿನಿಂದಲೇ ಎಲ್ ಸಾಲ್ವಡಾರ್ ಸ್ಪೇನ್‌ಗೆ ಟಿಕೆಟ್ ಪಡೆಯಿತು!

ಅಂತರ್ಯುದ್ಧದ ನಡುವೆಯೇ ಕೇವಲ 20 ಆಟಗಾರರೊಡನೆ ಹೊರಟ ಆ ತಂಡ ಮೊದಲ ಪಂದ್ಯದಲ್ಲಿ ಹಂಗರಿ ವಿರುದ್ಧ 10-1ರ ಅಂತರದಲ್ಲಿ ಸೋತದ್ದು ವಿಶ್ವಕಪ್ ದಾಖಲೆಗಳಲ್ಲಿ ಉಳಿದಿದೆ. ಆ ಒಂದು ಗೋಲು ಇಂದಿಗೂ ವಿಶ್ವಕಪ್‌ನಲ್ಲಿ ಎಲ್ ಸಾಲ್ವಡಾರ್ ಗಳಿಸಿದ ಏಕೈಕ ಗೋಲು. ತಂಡದ ತರಬೇತುದಾರರಾಗಿ ಅಂದು ಮೈದಾನದ ಅಂಚಿನಲ್ಲಿ ನಿಂತಿದ್ದವರು ಪಿಪೊ ರೋಡ್ರಿಗೆಸ್.